ಗಾಡಿಯಾಗುವ ರೋಬೋಟಿಗೆ ಎಷ್ಟು ಅಂಕ?

ನನಗೆ ಅಂಕ ಕೊಡುವ ಚಟವಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದೆಲ್ಲ ಈ ಚಟದಿಂದಲೇ ಹುಟ್ಟಿದ್ದು. ದಾಂಡೇಲಿಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿ ಮೂರು ವರ್ಷವಾಯಿತು. ಕೆಂಪು ಪೆನ್ನನ್ನು ಶಾಲೆಯಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಬಿಟ್ಟು ಬಂದದ್ದು ಪೆನ್ನನ್ನು ಮಾತ್ರ. ಮದುವೆಗೆ ಹೋದರೆ ಊಟಕ್ಕೆ ಹತ್ತಕ್ಕೆ ಏಳು ಎಂದು ಮನಸ್ಸು ತಾನಾಗಿ ಬರೆದುಕೊಳ್ಳುತ್ತದೆ. ಎದುರು ಮನೆಯ ರಂಗೋಲಿಗೆ ಎಂಟು. ಎಡಗಡೆಯ ಎಳೆ ಡೊಂಕಾದದ್ದಕ್ಕೆ ಎರಡು ಕಳೆದಿದ್ದೇನೆ. ನಮ್ಮ ಯಜಮಾನರು ಮಾಡುವ ಚಹಾಕ್ಕೆ ಆರೂವರೆ. ಇದನ್ನು ಅವರಿಗೆ ಹೇಳಿದ ದಿನ ಅವರು ಚಹಾ ಮಾಡುವುದನ್ನೇ ಬಿಟ್ಟರು. ಅಂಕಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ ಎಂದು ಅಂದೇ ತಿಳಿಯಬೇಕಿತ್ತು, ತಿಳಿಯಲಿಲ್ಲ.

ಹೀಗಿರುವಾಗ ನಮ್ಮ ಅಂಬೇವಾಡಿಯ ಮಹಿಳಾ ಮಂಡಳದವರು ಜೋಯಿಡಾ ಕಡೆಯ ಅಂಗನವಾಡಿಗಳಿಗೆ ಆಟಿಕೆ ಹಂಚಬೇಕೆಂದು ಠರಾವು ಮಾಡಿದರು. ಯಾವ ಆಟಿಕೆ ಎಂಬುದರ ಮೇಲೆ ಎರಡು ಸಭೆ ನಡೆದವು. ಕಡೆಗೆ ಹುಬ್ಬಳ್ಳಿಯ ಅಂಗಡಿಯಿಂದ ನೋಡಲಿಕ್ಕೆಂದು ಎರಡು ರೋಬೋಟು ತರಿಸಿದರು, ಒಂದು ಕೆಂಪು, ಒಂದು ನೀಲಿ. ಗೇಣುದ್ದದ ಪ್ಲಾಸ್ಟಿಕ್ ಮನುಷ್ಯ. ಕೈಕಾಲು ಮಡಚಿ, ತಲೆ ಒಳಗೆ ದೂಡಿ, ಬೆನ್ನು ತಿರುಗಿಸಿದರೆ ಗಾಡಿಯಾಗುತ್ತಾನೆ. ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ, ಅತ್ಯಂತ ಸರಳ ಎಂದು ಡಬ್ಬಿಯ ಮೇಲೆ ಬರೆದಿತ್ತು. ಕೊಳ್ಳುವ ಮೊದಲು ಯಾರಾದರೂ ಪರೀಕ್ಷಿಸಿ ವರದಿ ಕೊಡಲಿ ಎಂದು ಅಧ್ಯಕ್ಷೆ ಕಮಲಕ್ಕ ಹೇಳಿದಾಗ, ಸಭೆಯಲ್ಲಿದ್ದವರೆಲ್ಲರೂ ನನ್ನ ಕಡೆ ತಿರುಗಿದರು. ನಾನು ಆಗಲೇ ಚೀಲದಿಂದ ಹಾಳೆ ತೆಗೆದು ಗೆರೆ ಎಳೆಯುತ್ತಿದ್ದೆ.

ಒಟ್ಟು ಇಪ್ಪತ್ತೈದು ಅಂಕ. ಗಟ್ಟಿತನಕ್ಕೆ ಐದು, ಚೂಪಾದ ಅಂಚುಗಳಿಲ್ಲದಿದ್ದರೆ ಐದು, ಬಾಯಿಗಿಟ್ಟರೆ ಬಣ್ಣ ಬಿಡದಿದ್ದರೆ ಐದು. ಉಳಿದ ಹತ್ತು ಅಂಕ ಮುಖ್ಯವಾದ ಪ್ರಶ್ನೆಗೆ: ಮಗು ದೊಡ್ಡವರ ಸಹಾಯವಿಲ್ಲದೆ ರೋಬೋಟನ್ನು ಗಾಡಿ ಮಾಡಬಲ್ಲದೇ? ಎಷ್ಟು ಸೆಕೆಂಡಿನಲ್ಲಿ?

ನಿಜ ಹೇಳಬೇಕೆಂದರೆ ಆ ಹತ್ತು ಅಂಕದ ಪ್ರಶ್ನೆಯಲ್ಲಿ ಮೊದಲು ನಪಾಸಾದವಳು ನಾನೇ. ಮನೆಗೆ ತಂದು ಊಟದ ಮೇಜಿನ ಮೇಲೆ ಕೂರಿಸಿಕೊಂಡು ಅರ್ಧ ಗಂಟೆ ಹೆಣಗಿದೆ. ಕೈ ಮಡಚಿದರೆ ತಲೆ ಹೊರಗೆ ಬರುತ್ತದೆ, ತಲೆ ಒತ್ತಿದರೆ ಕಾಲು ಚಾಚುತ್ತದೆ. ನಮ್ಮ ಪುರಾಣದ ರಾಕ್ಷಸರು ಕಣ್ಣು ಮಿಟುಕಿಸುವಷ್ಟರಲ್ಲಿ ಜಿಂಕೆಯೋ ಹದ್ದೋ ಆಗುತ್ತಿದ್ದರಲ್ಲ, ಅವರ ಕೀಲುಗಳಿಗೆ ಯಾರು ಎಣ್ಣೆ ಹಾಕುತ್ತಿದ್ದರೋ ತಿಳಿಯದು. ವ್ಯಾಕರಣದಲ್ಲಿ ಈ ರೂಪಾಂತರಗಳೆಲ್ಲ ಎಷ್ಟು ಸಲೀಸು ನೋಡಿ. ಮಳೆಯ ಪಕ್ಕ ಕಾಲ ಬಂದು ನಿಂತರೆ ಸಾಕು, ಯಾರೂ ತಿರುಚದೆ ಒತ್ತದೆ ಮಳೆಗಾಲವಾಗುತ್ತದೆ. ಕಕಾರ ಹೋಗಿ ಗಕಾರ ಬಂತು, ಆದೇಶ ಸಂಧಿ, ಮುಗಿಯಿತು. ಇದನ್ನೇ ಮೂವತ್ತೊಂದು ವರ್ಷ ಕಲಿಸಿದ ನನಗೆ ಒಂದು ಪ್ಲಾಸ್ಟಿಕ್ ಸಂಧಿ ಬಿಡಿಸಲು ಬರಲಿಲ್ಲ.

ನಮ್ಮ ಯಜಮಾನರು ಅಂಬಿಕಾನಗರದಲ್ಲಿ ವಿದ್ಯುದಾಗಾರದ ಫಿಟ್ಟರ್ ಆಗಿದ್ದವರು. ಪೇಪರು ಮಡಚಿಟ್ಟು ಕೈ ಚಾಚಿದರು. "ಕೊಡ ಇಲ್ಲೆ. ಟರ್ಬೈನ್ ಬಿಚ್ಚಿ ಜೋಡಿಸಿದಂವಾ ನಾ," ಎಂದರು. ಅವರು ತಿರುಗಿಸಿದ್ದು ಒಂದೇ ಸಲ. ಟಕ್ಕೆಂದು ಎಡಗೈ ಕಳಚಿ ಉಪ್ಪಿನಕಾಯಿ ಭರಣಿಯ ಹಿಂದೆ ಬಿತ್ತು. ಇದು ಲೋಪ ಸಂಧಿ ಎಂದು ನಾನೆಂದೆ. ಅವರಿಗೆ ನಗು ಬರಲಿಲ್ಲ. ಆಮೇಲೆ ನೋಡಿದರೆ ಆ ಕೈಯನ್ನು ಕಳಚಿಕೊಳ್ಳುವಂತೆಯೇ ಮಾಡಿದ್ದರು. ಒತ್ತಿ ಹಿಡಿದರೆ ಮತ್ತೆ ಕೂರುತ್ತಿತ್ತು. ಗಟ್ಟಿತನಕ್ಕೆ ಐದಕ್ಕೆ ಐದು ಬರೆದೆ; ಅಂಚು, ಬಣ್ಣದ ಪರೀಕ್ಷೆಯಲ್ಲೂ ಅದು ಪೂರ್ತಿ ಪಾಸಾಯಿತು. ಮುಂದೆ ನಾಲ್ಕು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಅಭ್ಯಾಸ ಮಾಡಿದೆ. ಕಡೆಗೆ ಒಂದು ನಿಮಿಷ ಹತ್ತು ಸೆಕೆಂಡಿಗೆ ಗಾಡಿ ಮಾಡುವಷ್ಟು ಪಳಗಿದೆ. ಎದುರಿಗೆ ಬಂದವರಿಗೆಲ್ಲ ಮಾಡಿ ತೋರಿಸಿದೆ ಎಂದರೆ ನೀವು ನಗಬಹುದು, ನಗಿ.

ಇನ್ನು ಮಕ್ಕಳು. ಕಮಲಕ್ಕನಿಗೆ ಪರಿಚಯದ ಸುನಂದಾ ಎಂಬಾಕೆ ಕುಂಬಾರವಾಡದ ಹತ್ತಿರದ ಒಂದು ಮಜರೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಹುಟ್ಟಿದ್ದು ದಾಂಡೇಲಿಯಲ್ಲಿ, ಮದುವೆಯಾಗಿ ಆ ಕಡೆ ಹೋದವಳು, ನಿಮ್ಮ ವಿದ್ಯಾರ್ಥಿನಿಯೇ ಅಂತೆ ಎಂದು ಕಮಲಕ್ಕ ಹೇಳಿದಳು. ನನಗೆ ನೆನಪಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸುನಂದೆಯರು! ಮಕ್ಕಳಿಗೆ ಆಟಿಕೆಯ ರೂಢಿಯಾಗಲಿ ಎಂದು ನೀಲಿ ರೋಬೋಟನ್ನು ಎಂಟು ದಿನ ಮೊದಲೇ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿಕೊಟ್ಟೆವು. ಜೊತೆಗೆ ನನ್ನದೇ ಅಕ್ಷರದಲ್ಲಿ ಒಂದು ಚೀಟಿ: ಮುಂದಿನ ಗುರುವಾರ ನಾನೇ ಖುದ್ದಾಗಿ ಬಂದು ಮಕ್ಕಳನ್ನು ಪರೀಕ್ಷಿಸುತ್ತೇನೆ. ಆಟಿಕೆಯನ್ನು ಪರೀಕ್ಷಿಸುತ್ತೇನೆ ಎಂದು ಬರೆಯಬೇಕಿತ್ತು. ಕೈ ರೂಢಿಯಂತೆ ಓಡಿತ್ತು.

ಗುರುವಾರ ಕೆಂಪು ರೋಬೋಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಜೋಯಿಡಾ ದಾಟಿದ ಮೇಲೆ ಬಸ್ಸಿನಲ್ಲಿ ಕನ್ನಡ ಕಡಿಮೆಯಾಗಿ ಕೊಂಕಣಿ ಹೆಚ್ಚಾಯಿತು. ಪಕ್ಕದಲ್ಲಿ ಕೂತ ಹೆಂಗಸು ಗೊಂಬೆಯನ್ನೂ ನನ್ನ ನರೆಗೂದಲನ್ನೂ ಎರಡೆರಡು ಸಲ ನೋಡಿದಳು. ತನ್ನ ಹಲಸಿನ ಹಪ್ಪಳದ ಗಂಟನ್ನು ಸ್ವಲ್ಪ ಆಚೆ ಸರಿಸಿಕೊಂಡಳು.

ಸುನಂದಾ ಬಸ್ಸು ನಿಲ್ಲುವಲ್ಲಿಗೇ ಬಂದಿದ್ದಳು. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಹೆಂಗಸು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಹಾಜರಿ ಪುಸ್ತಕ. ನನ್ನ ಚೀಲ ತಗೊಂಡಳು, ಕಾಲು ಮುಟ್ಟಿ ನಮಸ್ಕರಿಸಿದಳು. ದಾರಿಯುದ್ದಕ್ಕೂ ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಗದ್ದೆಯ ಬದುವಿನ ಮೇಲೆ ಒಂದು ಮೈಲಿ ನಡೆಯಬೇಕು. ಒಳ್ಳೆಯ ಶಿಸ್ತಿನ ಹುಡುಗಿ ಎಂದು ಮನಸ್ಸಿನಲ್ಲಿ ಎಂಟು ಅಂಕ ಕೊಟ್ಟೆ.

ಅಂಗನವಾಡಿ ಒಂದೇ ಕೋಣೆ, ಗೋಡೆಯ ತುಂಬ ಅಕ್ಷರ ಮತ್ತು ಪ್ರಾಣಿಗಳ ಚಿತ್ರ. ಹನ್ನೊಂದು ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಅಷ್ಟು ಚಿಕ್ಕ ಮಕ್ಕಳು ಅಷ್ಟು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಸಂತೋಷವೇ ಆಯಿತು. ಕುರ್ಚಿಯಲ್ಲಿ ಕೂತು, ಹಾಳೆ ಬಿಡಿಸಿ, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದೆ.

ಮೊದಲ ಮಗು ಎದ್ದು ಬಂತು. ಮಂಗಲಾ ಎಂದು ಹೆಸರು, ನಾಲ್ಕು ವರ್ಷ. ನೀಲಿ ರೋಬೋಟನ್ನು ತಗೊಂಡು, ಕಣ್ಣನ್ನು ಎದುರಿನ ಗೋಡೆಗೆ ನೆಟ್ಟು, ಒಂದೇ ಉಸಿರಿನಲ್ಲಿ ಹೇಳುತ್ತಾ ಮಾಡಿತು: "ಕೈ ಕೆಳಗ, ತಲಿ ಒಳಗ, ಕಾಲ ಮಡಚ, ಬೆನ್ನ ತಿರುಗ್ಸ, ಗಾಡಿ ಆತು." ಹದಿನೆಂಟು ಸೆಕೆಂಡು! ಗಾಡಿಯನ್ನು ಎರಡೂ ಕೈಯಲ್ಲಿ ನನಗೊಪ್ಪಿಸಿ, ಹಿಂದೆ ಸರಿದು, ಕೈಕಟ್ಟಿ ನಿಂತಿತು. ಎರಡನೆಯ ಮಗು, ಅದೇ ಪದ, ಇಪ್ಪತ್ತೆರಡು ಸೆಕೆಂಡು. ಹನ್ನೊಂದಕ್ಕೆ ಹನ್ನೊಂದೂ ಮಾಡಿದವು. ತೀರ ನಿಧಾನದ ಮಗುವಿಗೂ ಹಿಡಿದದ್ದು ನಲವತ್ತು ಸೆಕೆಂಡು. ನನ್ನ ಒಂದು ನಿಮಿಷ ಹತ್ತು ಸೆಕೆಂಡನ್ನು ನೆನೆದು ಕೊಂಚ ಹೊಟ್ಟೆಕಿಚ್ಚೂ ಆಯಿತು. ಇಪ್ಪತ್ತೈದಕ್ಕೆ ಇಪ್ಪತ್ತೈದು ಎಂದು ಬರೆದು ಸಹಿ ಹಾಕಿದೆ. ಜೀವಮಾನದಲ್ಲಿ ಇಡೀ ಪತ್ರಿಕೆಗೆ ಪೂರ್ಣಾಂಕ ಕೊಟ್ಟದ್ದು ಅದೇ ಮೊದಲು. ಸುನಂದಾ ಬಾಗಿಲಿನ ಹತ್ತಿರ ನಿಂತವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

ಅಲ್ಲಿಗೆ ಕೆಲಸ ಮುಗಿದಿತ್ತು. ಬಸ್ಸಿದ್ದಿದ್ದರೆ ನಾನು ಹಾಗೆಯೇ ಹೊರಟು, ಆ ಹಾಳೆಯನ್ನು ಕಮಲಕ್ಕನ ಕೈಗಿತ್ತು, ಇವತ್ತಿಗೂ ಹೆಮ್ಮೆಯಿಂದಲೇ ಇರುತ್ತಿದ್ದೆ. ಆದರೆ ವಾಪಸು ಬಸ್ಸು ಇದ್ದದ್ದು ನಾಲ್ಕು ಗಂಟೆಗೆ. ಆಗಿನ್ನೂ ಹನ್ನೊಂದೂವರೆ.

ಮಕ್ಕಳ ಜೊತೆ ಅನ್ನ ಸಾರು ಉಂಡೆ. ಉಂಡ ಮೇಲೆ ಮಕ್ಕಳು ಚಾಪೆಯ ಮೇಲೆ ಮಲಗಿದವು. ಸುನಂದಾ ಹೊರಗೆ ತಟ್ಟೆ ತೊಳೆಯುವವಳ ಜೊತೆ ಏನೋ ಕೆಲಸದಲ್ಲಿದ್ದಳು. ನಾನೂ ಕುರ್ಚಿಯಲ್ಲೇ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಏನೋ ಸದ್ದಾಗಿ ಅರೆಗಣ್ಣು ತೆರೆದು ನೋಡಿದರೆ ಮಂಗಲಾ ಎದ್ದು ನನ್ನ ಪಕ್ಕದ ಸ್ಟೂಲಿನ ಹತ್ತಿರ ನಿಂತಿದ್ದಳು. ಸ್ಟೂಲಿನ ಮೇಲೆ ಎರಡೂ ರೋಬೋಟುಗಳಿದ್ದವು. ಒಂದು ಬೆರಳು ಚಾಚಿ ಕೆಂಪು ರೋಬೋಟಿನ ಮೂಗು ಮುಟ್ಟಿದಳು. ನಾನು ನೋಡುತ್ತಿರುವುದು ಕಂಡದ್ದೇ ಬೆರಳು ಹಿಂದೆ ಹೋಯಿತು.

ತಗೋ, ಆಡು ಎಂದು ಕೈಯಲ್ಲಿಟ್ಟೆ. ಅವಳು ನೆಟ್ಟಗೆ ನಿಂತು, ಗೋಡೆ ನೋಡುತ್ತಾ, ತುಟಿಯಲ್ಲೇ ಪದ ಹೇಳಿಕೊಂಡು ಗಾಡಿ ಮಾಡಿದಳು. ಎರಡೂ ಕೈಯಲ್ಲಿ ನನಗೊಪ್ಪಿಸಿದಳು. ಹಿಂದೆ ಸರಿದು ಕೈಕಟ್ಟಿದಳು. ಅಲ್ಲ, ಆಡು ಎಂದು ಮತ್ತೆ ಕೊಟ್ಟೆ. ಗಾಡಿಯನ್ನು ರೋಬೋಟು ಮಾಡಿ ಒಪ್ಪಿಸಿದಳು, ಕೈಕಟ್ಟಿದಳು. ಹೀಗೆ ಐದು ಸಲ ನಡೆಯಿತು. ಒಮ್ಮೆಯೂ ಆ ಗಾಡಿಯನ್ನು ಅವಳು ನೆಲದ ಮೇಲೆ ಓಡಿಸಲಿಲ್ಲ. ಗಾಡಿ ಕೈಗೆ ಸಿಕ್ಕ ಮಗು ಅದನ್ನು ನೆಲಕ್ಕಿಟ್ಟು ಡುರ್ರೆನ್ನದೆ ಇರುವುದುಂಟೇ? ಉತ್ತರಪತ್ರಿಕೆ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು. ಐದನೆಯ ಸಲ ಅವಳ ಕೆಳದುಟಿ ಅದುರಿತು. ತಾನು ಎಲ್ಲಿ ತಪ್ಪಿದೆ, ಇವರು ಯಾಕೆ ಬಿಡುತ್ತಿಲ್ಲ ಎಂಬ ಗಾಬರಿ ಅದು. ಆ ಮುಖ ನನಗೆ ಗೊತ್ತು. ತರಗತಿಯಲ್ಲಿ ಸಾವಿರ ಸಲ ನೋಡಿದ್ದೇನೆ, ಏನೆಂದು ಕೇಳಿರಲಿಲ್ಲ.

ಮಂಗಲಾಳನ್ನು ಮಲಗಿಸಿ ಹೊರಗೆ ಬಂದೆ. ಸುನಂದಾ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಮಕ್ಕಳು ಇದರ ಜೊತೆ ಆಡುವುದಿಲ್ಲವೇ ಎಂದು ಕೇಳಿದೆ. ಅವಳ ಕೈ ಮೊರದಲ್ಲೇ ನಿಂತಿತು. ಆಮೇಲೆ ಎಲ್ಲ ಹೇಳಿದಳು. ಚೀಟಿ ಬಂದ ದಿನದಿಂದ ಎಂಟು ದಿನವೂ ಬೆಳಿಗ್ಗೆ ಒಂದು ತಾಸು, ಮಧ್ಯಾಹ್ನ ಒಂದು ತಾಸು ಅಭ್ಯಾಸ ಮಾಡಿಸಿದ್ದಳು. ಪದ ಕಟ್ಟಿದ್ದು ಅವಳೇ. ಅಭ್ಯಾಸ ಮುಗಿದ ಕೂಡಲೇ ಗೊಂಬೆಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು, ಪರೀಕ್ಷೆಗೆ ಮೊದಲು ಮುರಿದು ಗಿರಿದೀತು ಎಂದು. ಮಕ್ಕಳು ಅದಕ್ಕೆ ಇಟ್ಟ ಹೆಸರು ರೋಬೋಟೂ ಅಲ್ಲ, ಗಾಡಿಯೂ ಅಲ್ಲ, 'ಪರೀಕ್ಷಿ'. ಇವತ್ತೂ ಪರೀಕ್ಷಿ ತೆಗೀತೀರೇನು ಬಾಯೀ ಎಂದು ಒಂದು ಮಗು ನಿತ್ಯ ಅಳುತ್ತಾ ಕೇಳುತ್ತಿತ್ತಂತೆ.

ಇಷ್ಟೆಲ್ಲ ಯಾಕೆ ಮಾಡಿಸಿದೆ, ನಾನು ನೋಡಲು ಬಂದದ್ದು ಆಟಿಕೆಯನ್ನಲ್ಲವೇ ಎಂದೆ. ಸುನಂದಾ ಅಕ್ಕಿಯಿಂದ ಕಣ್ಣು ಎತ್ತದೆ ಹೇಳಿದಳು.

"ಏಳನೇ ಕ್ಲಾಸಿನ್ಯಾಗಿದ್ದಾಗ ನೀವು ನನ್ನ ಬೋರ್ಡಿಗೆ ಕರದಿದ್ರಿ, ಅಕ್ಕೋರ. ಬೆಟ್ಟದಾವರೆ ಬಿಡಿಸಿ ಬರಿ ಅಂದ್ರಿ. ನನಗ ಗೊತ್ತಿತ್ತು. ಖರೇನ ಗೊತ್ತಿತ್ತು. ನೀವು ಗಡಿಯಾರ ಬಿಚ್ಚಿ ಕೈಯಾಗ ಹಿಡದ್ರಿ. ನನ್ನ ಕೈಯಾಗಿನ ಖಡೂ ಮುರಿತು. ಕೂಡ, ನಿನಗ ಆಗೂದಿಲ್ಲ ಅಂದ್ರಿ."

ನನಗೆ ಏನೂ ನೆನಪಿರಲಿಲ್ಲ. ಆ ದಿನವೂ ಇಲ್ಲ, ಆ ಮುರಿದ ಸೀಮೆಸುಣ್ಣವೂ ಇಲ್ಲ. ಆಮೇಲೆ ಅವಳು ಮೆಲ್ಲಗೆ, ಸಿಟ್ಟಿಲ್ಲದೆ ಅಂದದ್ದು ಇದು: "ಈ ಹುಡುಗರಿಗೆ ನೀವು ಹಂಗ ಅನಬಾರದಂತ ಮಾಡಿಸಿದ್ನ್ರಿ. ಮತ್ತೇನಿಲ್ಲ."

ಕ್ಷಮೆ ಕೇಳುವುದು ಹೇಗೆಂದು ನಮಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ನಾನು ಅವಳ ಪಕ್ಕ ಕಟ್ಟೆಯ ಮೇಲೆ ಕೂತೆ. ಮೊರದಿಂದ ಒಂದು ಹಿಡಿ ಅಕ್ಕಿ ತಗೊಂಡು ಕಲ್ಲು ಆರಿಸತೊಡಗಿದೆ. ಕಲ್ಲು ಇರಲಿಲ್ಲ, ಅವಳು ಎಲ್ಲ ತೆಗೆದಿದ್ದಳು. ಆ ಹಿಡಿಯನ್ನು ಮೊರಕ್ಕೆ ವಾಪಸು ಹಾಕಿ, "ತಪ್ಪು ನಂದ ಐತಿ, ಸುನಂದಾ," ಎಂದೆ. ಅವಳು ಮೊರವನ್ನು ನನಗೆ ಎಟುಕುವಂತೆ ಸ್ವಲ್ಪ ಈ ಕಡೆ ಸರಿಸಿದಳು.

ಮಕ್ಕಳು ಎದ್ದಾಗ ಎರಡು ಗಂಟೆ. ನಾನು ಗಡಿಯಾರವನ್ನು ಚೀಲದ ತಳಕ್ಕೆ ಹಾಕಿ, ಸೀರೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೆ. ಮಂಡಿ ನೋವಿಗೆ ನಾನು ನೆಲದ ಮೇಲೆ ಕೂತು ಎಷ್ಟೋ ಕಾಲವಾಗಿತ್ತು. ಹನ್ನೊಂದು ಮಕ್ಕಳು ಸುತ್ತ ನಿಂತವು. ಈಗ ನಾನು ಮಾಡುತ್ತೇನೆ, ನೀವು ನೋಡಿ ಎಂದೆ. ನಾಲ್ಕು ದಿನದ ಸಾಧನೆಯನ್ನು ತೋರಿಸಿಬಿಡೋಣ ಎಂಬ ಜಂಬವೂ ಒಂದಿಷ್ಟು ಇತ್ತು, ಸುಳ್ಳು ಯಾಕೆ ಹೇಳಲಿ. ಕೈ ಕೆಳಗೆ ಮಾಡಿದೆ, ತಲೆ ಒಳಗೆ ದೂಡಿದೆ. ಕಾಲು ಮಡಚುವಲ್ಲಿ ಇಪ್ಪತ್ತೆರಡು ಕಣ್ಣು ನನ್ನ ಬೆರಳ ಮೇಲಿರುವುದು ಗೊತ್ತಾಯಿತು. ಯಾವ ಕಡೆ ಮಡಚಬೇಕೆಂಬುದೇ ಮರೆತುಹೋಯಿತು. ಗೊತ್ತಿತ್ತು, ಖರೇನ ಗೊತ್ತಿತ್ತು. ಅರ್ಧ ಮಡಚಿದ ಕಾಲು, ಒಳಗೆ ಹೋದ ತಲೆ, ರೋಬೋಟೂ ಅಲ್ಲದ ಗಾಡಿಯೂ ಅಲ್ಲದ ಒಂದು ವಸ್ತುವನ್ನು ಹಿಡಿದು ನಾನು ಬೆವೆತೆ.

ಒಂದು ಮಗು ಕೊಂಕಣಿಯಲ್ಲಿ ಮೆಲ್ಲಗೆ ಏನೋ ಹೇಳಿತು. ಉಳಿದವು ಸುನಂದಾಳ ಮುಖ ನೋಡಿದವು. ಅವಳು ನಗು ತಡೆದುಕೊಂಡು ನನಗೆ ಅರ್ಥ ಹೇಳಿದಳು: "ಕಪ್ಪಿ ಆಗೇತಂತ್ರಿ."

ನೋಡಿದರೆ ಹೌದು! ಮಡಚಿದ ಕಾಲು, ಉಬ್ಬಿದ ಬೆನ್ನು, ಸಾಕ್ಷಾತ್ ಕಪ್ಪೆ. ನಾನು ಅದನ್ನು ನೆಲದ ಮೇಲಿಟ್ಟು ಒಂದು ಸಲ ಕುಪ್ಪಳಿಸಿದೆ. ಮಕ್ಕಳು ಇನ್ನೂ ಅನುಮಾನದಿಂದ ನಿಂತಿದ್ದವು. ಇನ್ನೊಂದು ಸಲ ಕುಪ್ಪಳಿಸುವಾಗ ಅದರ ಕೈ ಕಳಚಿ ಹೋಗಿ ಮೂಲೆಯಲ್ಲಿದ್ದ ಪಾತ್ರೆಗಳ ಕಪಾಟಿನ ಕೆಳಗೆ ಸೇರಿತು. ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದವು. ಆಗ ನನಗೆ ನಗು ಬಂತು. ಬೇಕೆಂದು ನಕ್ಕದ್ದಲ್ಲ, ಅರವತ್ತಮೂರರ ಹೆಂಗಸು ಬೋರಲಾಗಿ ಕಪಾಟಿನ ಕೆಳಗೆ ಗೊಂಬೆಯ ಕೈ ಹುಡುಕುವುದನ್ನು ನೆನೆದೇ ನಗು ಬಂತು. ಮಂಗಲಾ ಕೂಡಲೇ ನೆಲಕ್ಕೆ ಬಿದ್ದು, ತೆವಳಿ, ನನಗಿಂತ ಮೊದಲು ಕೈ ಹುಡುಕಿ ತಂದಳು. ತಂದದ್ದನ್ನು ನನಗೆ ಒಪ್ಪಿಸಲಿಲ್ಲ. ಕಪ್ಪೆಯ ತಲೆಗೆ ಸಿಕ್ಕಿಸಿ ಕೊಂಬು ಮಾಡಿದಳು.

ಆಮೇಲೆ ನಡೆದದ್ದಕ್ಕೆ ನನ್ನ ಹಾಳೆಯಲ್ಲಿ ಅಂಕಣವಿರಲಿಲ್ಲ. ಕೊಂಬಿನ ಕಪ್ಪೆ ಎಮ್ಮೆಯಾಯಿತು. ಎಮ್ಮೆ ಏಡಿಯಾಯಿತು. ಕಾಲು ಚಾಚಿ ಬೆನ್ನು ಬಾಗಿಸಿ ಇಟ್ಟದ್ದನ್ನು ಒಬ್ಬ 'ಅಕ್ಕೋರು' ಎಂದ. ನನಗೂ ಅದಕ್ಕೂ ಹೋಲಿಕೆ ಇದ್ದದ್ದು ನಿಜ, ಮಂಡಿಯಂತೂ ಥೇಟ್. ಪದಕ್ಕೆ ಹೊಸ ಸಾಲುಗಳು ಸೇರಿದವು, ಅರ್ಧ ಕನ್ನಡ ಅರ್ಧ ಕೊಂಕಣಿ. ನೀಲಿ ರೋಬೋಟು ಕೆಂಪು ರೋಬೋಟನ್ನು ಮದುವೆಯಾಯಿತು, ಸುನಂದಾ ಅಕ್ಷತೆಗೆ ನಾಲ್ಕು ಕಾಳು ಅಕ್ಕಿ ಕೊಟ್ಟಳು. ಗಾಡಿಯನ್ನು ಮಾತ್ರ ಯಾರೂ ಮಾಡಲಿಲ್ಲ. ಆ ಮಧ್ಯಾಹ್ನ ಯಾರಿಗೂ ಅದು ಬೇಕಾಗಿರಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ಸುನಂದಾ ಎರಡು ಸಲ ನೆನಪಿಸಿದಳು. ಗೊಂಬೆಗಳನ್ನು ಡಬ್ಬಿಗೆ ಹಾಕಲು ಹೋದಾಗ ನಾನೇ ಬೇಡವೆಂದೆ, ಎರಡೂ ಇಲ್ಲಿಯೇ ಇರಲಿ, ಟ್ರಂಕಿನ ಹೊರಗೆ. ಬದುವಿನ ಮೇಲೆ ವಾಪಸು ನಡೆಯುವಾಗ ಅವಳು ಮಾತಾಡುತ್ತಲೇ ಬಂದಳು, ಅತ್ತೆಯ ಮೂಲವ್ಯಾಧಿ, ಅಂಗನವಾಡಿಯ ಸೋರುವ ಹೆಂಚು, ಮಂಗಲಾ ಎರಡೇ ತಿಂಗಳಲ್ಲಿ ಕನ್ನಡ ಕಲಿತದ್ದು, ಎಲ್ಲ. ನನಗೆ ಕೇಳಲು ಏನೂ ಉಳಿಯದಷ್ಟು.

ಸಭೆಯಲ್ಲಿ ನನ್ನ ವರದಿ ಕೇಳಿ ಎಲ್ಲರೂ ಗಲಿಬಿಲಿಗೊಂಡರು. ಇಪ್ಪತ್ತೈದನ್ನು ಹೊಡೆದುಹಾಕಿದ್ದೀರಿ, ಹಾಗಾದರೆ ಎಷ್ಟು ಎಂದು ಕಮಲಕ್ಕ ಕೇಳಿದಳು. ಅಂಕ ಇಲ್ಲ, ಕೊಳ್ಳಬಹುದು ಎಂದೆ. ಗಾಡಿ ಆಗುತ್ತದೋ ಇಲ್ಲವೋ ಎಂದಳು. ಬೇಕಾದರೆ ಆಗುತ್ತದೆ ಎಂದೆ. ಹಂಚಿದ ಮೇಲೆ ಮಕ್ಕಳು ಸರಿಯಾಗಿ ಬಳಸುತ್ತಿದ್ದಾರೆಯೇ ಎಂದು ನೋಡಿ ಬರಲು ಯಾರು ಹೋಗುತ್ತೀರಿ ಎಂಬ ಪ್ರಶ್ನೆ ಬಂದಾಗ, ಯಾರೂ ಹೋಗಕೂಡದು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ವಯಸ್ಸಾಯಿತು ಎಂದು ಒಂದಿಬ್ಬರು ಕಣ್ಣಲ್ಲೇ ಮಾತಾಡಿಕೊಂಡರು. ಆದರೂ ಠರಾವು ಪಾಸಾಯಿತು.

ಮೊನ್ನೆ ಸುನಂದಾ ಫೋನು ಮಾಡಿದ್ದಳು. ನೀಲಿಯದಕ್ಕೆ ಒಂದು ಕಾಲಿಲ್ಲ, ಕೆಂಪಿನದಕ್ಕೆ ಯಾರೋ ಅಂಗಿ ಹೊಲಿದು ಹಾಕಿದ್ದಾರೆ, ಮಂಗಲಾ ನಿಮ್ಮನ್ನು ಕೇಳುತ್ತಾಳೆ, ಒಂದು ಸಲ ಬಂದು ಹೋಗಿ ಎಂದಳು. ಬರುತ್ತೇನೆ, ಮಕ್ಕಳಿಗೆ ಏನು ತರಲಿ ಎಂದು ಕೇಳಿದೆ.

"ಏನೂ ತರಬ್ಯಾಡ್ರಿ ಅಕ್ಕೋರ," ಎಂದಳು. "ಕೈ ಬೀಸ್ಕೋತ ಬರ್ರಿ."

ಇಷ್ಟು ವರ್ಷ ಕಲಿಸಿದವಳಿಗೆ ಹಾಗೆ ಬರಿಗೈಯಲ್ಲಿ ಹೋಗುವುದೇನೂ ಸುಲಭದ ಮಾತಲ್ಲ. ಆದರೂ ಗುರುವಾರ ಹೊರಡುತ್ತಿದ್ದೇನೆ.